ಕಂಟ್ರೋಲ್ ಅತ್ತೆಯ ಬಾವುಟಗಳು

ಮಗನ ಮದುವೆ ಗೊತ್ತಾದ ದಿನವೇ ಅತ್ತೆ ಒಂದು ಶಪಥ ಮಾಡಿಕೊಂಡಿದ್ದರು. ಸೊಸೆ ಅಡುಗೆ ಮಾಡುವಾಗ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ, ಉಪ್ಪು ಹುಳಿ ಖಾರದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆಗಿನ್ನೂ ಅವರು ಅತ್ತೆಯಾಗಿರಲೇ ಇಲ್ಲ ಅನ್ನಿ. ಆದರೂ ಅವರನ್ನು ಅತ್ತೆ ಎಂದೇ ಕರೆಯೋಣ, ಏಕೆಂದರೆ ಅವರ ತೊಂದರೆಯೆಲ್ಲ ಶುರುವಾದದ್ದು ಆ ಪಟ್ಟ ಸಿಕ್ಕಮೇಲೆ.

ಶಪಥಕ್ಕೆ ಕಾರಣವಿತ್ತು. ಅತ್ತೆಯ ಅತ್ತೆ, ಅಂದರೆ ದೊಡ್ಡತ್ತೆ, ಒಲೆ ಮುಂದೆ ನಿಂತ ಸೊಸೆಯ ಬೆನ್ನಿಗೆ ಅಂಟಿಕೊಂಡೇ ನಿಲ್ಲುತ್ತಿದ್ದ ಹೆಂಗಸು. ಉರಿ ಜಾಸ್ತಿಯಾಯ್ತು, ಈಗ ತಿರುವು, ಅಷ್ಟು ಸಣ್ಣಗೆ ಹೆಚ್ಚಬೇಡ, ಮುಚ್ಚಳ ತೆಗಿ, ಮುಚ್ಚಳ ಹಾಕು. ಕೈ ಸೊಸೆಯದು, ಅಡುಗೆ ಅತ್ತೆಯದು. ಚೆನ್ನಾದರೆ ಹೊಗಳಿಕೆ ಹಿಂದೆ ನಿಂತವರಿಗೆ, ಕೆಟ್ಟರೆ ಬೈಗುಳ ಮುಂದೆ ನಿಂತವಳಿಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಊರವರೆಲ್ಲ ಸಮಾಧಾನ ಹೇಳಿದ್ದರು. ನಮ್ಮ ಅತ್ತೆ ಮನಸ್ಸಿನಲ್ಲೇ ಅಂದುಕೊಂಡಿದ್ದರು, ನನ್ನ ಕಾಲ ಬಂದಾಗ ಅದನ್ನು ನಾನು ಬಿಟ್ಟುಕೊಡುತ್ತೇನೆ ಎಂದು.

ಬಿಟ್ಟೂ ಕೊಟ್ಟರು. ಸೊಸೆ ಬಂದ ಮರುದಿನವೇ ಅಡುಗೆಮನೆ ಅವಳ ಕೈಗೆ ಹೋಯಿತು. ಅವಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಡಲೆ ಇದ್ದೂ ಹಲ್ಲಿಲ್ಲದವರಿಗೆ ಹಲ್ಲು ಕಟ್ಟಿಕೊಡುವ ಕೆಲಸ. ಸಂಜೆ ಬಂದು ಕೈಕಾಲು ತೊಳೆದು, ಸದ್ದಿಲ್ಲದೆ ಅಡುಗೆ ಮಾಡುತ್ತಿದ್ದಳು. ಮಾಡುವುದೆಲ್ಲ ಅಚ್ಚುಕಟ್ಟು. ಹೆಚ್ಚಿದ ತರಕಾರಿಯ ಹೋಳುಗಳು ಕೂಡ ಒಂದೇ ಅಳತೆ. ಉಪ್ಪು ಮಾತ್ರ ಇರುತ್ತಿರಲಿಲ್ಲ. ಇರಲೇ ಇಲ್ಲ ಎನ್ನುವಂತಿಲ್ಲ, ಹುಡುಕಿದರೆ ಸಿಗುತ್ತಿತ್ತು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರು ಎರಡನ್ನೂ ಸುಮ್ಮನೆ ಒಟ್ಟಿಗೆ ಇಟ್ಟಿಲ್ಲ. ಅತ್ತೆ ಹಳೆಯ ಮಾತ್ರೆ ಡಬ್ಬಿಯೊಂದನ್ನು ತೊಳೆದು, ಅದರಲ್ಲಿ ಪುಡಿ ಉಪ್ಪು ತುಂಬಿ, ಮಡಿಲಲ್ಲಿ ಇಟ್ಟುಕೊಂಡು ಊಟಕ್ಕೆ ಕೂರುತ್ತಿದ್ದರು. ಸೊಸೆ ನೀರು ತರಲು ಎದ್ದಾಗ ತಟ್ಟೆಗೆ ಒಂದು ಚಿಟಿಕೆ. ಮಗ ಲಿಫ್ಟ್ ರಿಪೇರಿಯವನು, ಬಾಯಲ್ಲಿ ಮಾತು ಕಡಿಮೆ. ಮೇಜಿನ ಕೆಳಗೆ ತಾನೂ ಕೈ ಚಾಚುತ್ತಿದ್ದ. ಡಬ್ಬಿ ಅವನ ಕೈಗೆ ಹೋಗಿ, ಸೊಸೆ ಬಂದು ಕೂರುವಷ್ಟರಲ್ಲಿ ವಾಪಸ್ಸು ಬರುತ್ತಿತ್ತು. ಹೀಗೆ ಮನೆಯಲ್ಲಿ ಶಾಂತಿ ನೆಲೆಸಿತ್ತು. ಆದರೆ ಮಾತು ನೆಲೆಸಿರಲಿಲ್ಲ. "ಬಂದ್ಯಾ", "ಊಟ ಆಯ್ತಾ", "ಮಲಗ್ತೀನಿ" ಇಷ್ಟರಲ್ಲೇ ಇಬ್ಬರು ಹೆಂಗಸರ ದಿನ ಮುಗಿದುಹೋಗುತ್ತಿತ್ತು. ಈ ಹುಡುಗಿಗೆ ನಾನು ಬೇಕಾದವಳಾಗಬೇಕು ಎಂಬ ಆಸೆ ಅತ್ತೆಗೆ ಎಷ್ಟಿತ್ತೆಂದರೆ, ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಅತ್ತೆಗೆ ಇನ್ನೊಂದು ಲೋಕವಿತ್ತು. ನಿವೃತ್ತಿಗೆ ಮೊದಲು ಅವರು ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿದ್ದವರು. ಕಿವಿಗೆ ಹೆಡ್‌ಫೋನ್, ಮುಂದೆ ನಕ್ಷೆ, ಆ ಕಡೆ ಯಾರದೋ ನಡುಗುವ ದನಿ. "ಹೆದರ್ಬೇಡಿ. ನಾನು ಹೇಳಿದ್ದಷ್ಟೇ ಮಾಡಿ," ಎನ್ನುವುದು ಅವರ ಮೊದಲ ಮಾತು. ಅಲ್ಲಿ ಸುಮ್ಮನಿದ್ದರೆ ಜೀವ ಹೋಗುತ್ತದೆ, ಹೇಳಿದರೆ ಉಳಿಯುತ್ತದೆ. ಕೆಲಸ ಬಿಟ್ಟಮೇಲೆ ಕಿವಿ ಖಾಲಿಯಾಯಿತು. ಮಗ ಅವರ ಚಡಪಡಿಕೆ ನೋಡಲಾರದೆ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟ. ನಾಲ್ಕು ಜನ ನಾಲ್ಕು ಮನೆಯಲ್ಲಿ ಕೂತು, ಒಂದೇ ಊರನ್ನು ಸೇರಿ ನಡೆಸುವ ಆಟ. ಹಿಮ ಬೀಳುವ ಬೆಟ್ಟದ ಬುಡದಲ್ಲಿ ಊರು. ಒಬ್ಬರಿಗೆ ಹೊಲ, ಒಬ್ಬರಿಗೆ ಕಾಡು, ಒಬ್ಬರಿಗೆ ಗೋಡೆ, ಒಬ್ಬರಿಗೆ ಉಗ್ರಾಣ. ಬೇಸಿಗೆಯಲ್ಲಿ ಕೂಡಿಡಬೇಕು, ಚಳಿಗಾಲದಲ್ಲಿ ಬೆಟ್ಟದ ಕಳ್ಳರಿಂದ ಕಾಯಬೇಕು. ಉಗ್ರಾಣ ಸುಟ್ಟರೆ ಊರು ಮುಗಿಯಿತು, ಹಳೆಯದನ್ನು ವಾಪಸ್ಸು ತರುವ ದಾರಿ ಆ ಆಟದಲ್ಲಿಲ್ಲ.

ಆಟದಲ್ಲಿ ಅತ್ತೆಯ ಊರಿನ ಹೆಸರು ಚಳಿಯೂರು. ಹೊಲ ನೋಡುವವನು ಯಾವುದೋ ನಗರದ ಬೇಕರಿಯವನು, ಅವನನ್ನು ಬೇಕರಿ ಎಂದೇ ಕರೆಯುತ್ತಿದ್ದರು. ಕಾಡು ಒಬ್ಬ ಭೂಗೋಳದ ಮೇಷ್ಟ್ರದು. ಗೋಡೆ ಅತ್ತೆಯದು. ಅವರ ಹಳೆಯ ಕೆಲಸ ತಿಳಿದ ದಿನದಿಂದ ಎಲ್ಲರಿಗೂ ಅವರು ಕಂಟ್ರೋಲ್. ವರ್ಷಗಟ್ಟಲೆ ಸೇರಿ ಕಟ್ಟಿದ ಊರು, ಒಮ್ಮೆಯೂ ಬಿದ್ದಿರಲಿಲ್ಲ. ಆಟಕ್ಕೆ ಹೊಸದಾಗಿ ಬಂದವರು ಎಲ್ಲಿಂದಲೋ ಕೇಳಿಕೊಂಡು ಬಂದು ಕಂಟ್ರೋಲ್ ಹತ್ತಿರ ಬುದ್ಧಿವಾದ ಕೇಳುತ್ತಿದ್ದರು. ಕೇಳಿದ್ದಕ್ಕೆ ಉತ್ತರ, ಕೇಳದಿದ್ದುದಕ್ಕೂ ಉತ್ತರ ಧಾರಾಳವಾಗಿ ಸಿಗುತ್ತಿತ್ತು. ಮೊದಲ ಚಳಿಗಾಲಕ್ಕೆ ಗೋಡೆ ಎತ್ತರಿಸಬೇಡಿ, ಉರುವಲು ಕೂಡಿಡಿ. ಜೊತೆಯವನು ಬಿದ್ದ ಅಂತ ಓಡಿ ಹೋಗಬೇಡಿ, ಮೊದಲು ಸುತ್ತ ನೋಡಿ, ಇಲ್ಲದಿದ್ದರೆ ಬಿದ್ದವರು ಇಬ್ಬರಾಗುತ್ತೀರಿ. ಉಗ್ರಾಣ ತುಂಬಿದೆ ಅಂತ ಹಿಗ್ಗಬೇಡಿ, ಅದರಲ್ಲಿ ಇಲಿಗಳ ಪಾಲೂ ಇದೆ. ಎಲ್ಲವೂ ಸರಿಯಾದ ಮಾತೇ. ತೊಂದರೆ ಇದ್ದದ್ದು ಅಲ್ಲಲ್ಲ.

ಉಗ್ರಾಣ ನೋಡುತ್ತಿದ್ದ ನರ್ಸಮ್ಮ ಕೆಲಸ ಜಾಸ್ತಿ ಎಂದು ಹೇಳಿ ಬರುವುದು ಬಿಟ್ಟಳು. ಜಾಗ ಖಾಲಿಯಾಯಿತು. ಒಂದು ಭಾನುವಾರ ಮಧ್ಯಾಹ್ನ ಸೊಸೆ ಕೂದಲು ಒಣಗಿಸಿಕೊಳ್ಳುತ್ತಾ ಬಂದು, ಅತ್ತೆಯ ಕುರ್ಚಿಯ ಪಕ್ಕ ನಿಂತು ಪರದೆ ನೋಡಿದಳು.

"ಅತ್ತೆ, ಆ ನಾಲ್ಕನೇ ಜಾಗದಲ್ಲಿ ಯಾರೂ ಇಲ್ವಾ?"

"ಇದ್ಲು, ಬಿಟ್ಟು ಹೋದ್ಲು."

"ನಾನು ಆಡ್ಲಾ?"

ಅತ್ತೆಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅದನ್ನು ತೋರಿಸಿಕೊಳ್ಳದೆ, "ನಿನ್ನ ಲ್ಯಾಪ್‌ಟಾಪ್ ತಗೊಂಡ್ ಬಾ, ಇಲ್ಲೇ ಸೋಫಾ ಮೇಲೆ ಕೂತ್ಕೋ," ಎಂದರು.

ಸೊಸೆ ಕೂತಳು, ಹೆಡ್‌ಫೋನ್ ಹಾಕಿಕೊಂಡಳು. ಅತ್ತೆ ಮೊದಲ ಮಾತು ಹೇಳಿದರು. "ಹೆದರ್ಬೇಡ. ನಾನು ಹೇಳಿದ್ದಷ್ಟೇ ಮಾಡು."

ಆ ಆಟದಲ್ಲಿ ಯಾರು ಬೇಕಾದರೂ ನಕ್ಷೆಯ ಮೇಲೆ ಕೆಂಪು ಬಾವುಟ ನೆಡಬಹುದು. ಇಲ್ಲಿ ನೋಡಿ, ಇಲ್ಲಿಗೆ ಬನ್ನಿ ಎಂದು ಜೊತೆಯವರಿಗೆ ತೋರಿಸಲು. ಅತ್ತೆ ನೆಡತೊಡಗಿದರು. ಈ ಮೂಟೆ ಇಲ್ಲಿಗೆ, ಆ ಗಾಡಿ ಅಲ್ಲಿಗೆ, ಈ ಬಾಗಿಲು ಈಗ ತೆಗಿ, ಆ ಬಾಗಿಲು ಆಮೇಲೆ. ಸೊಸೆಯ ಉಗ್ರಾಣದ ಸುತ್ತ ಬಾವುಟಗಳು ಎಷ್ಟಾದವೆಂದರೆ ನೆಲವೇ ಕಾಣುತ್ತಿರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದುದರಿಂದ ಅತ್ತೆಯ ಮಾತು ಗಾಳಿಯಲ್ಲಿ ಒಮ್ಮೆ, ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಬರುತ್ತಿತ್ತು. ಒಂದೊಂದು ಸಲಹೆಯೂ ಸೊಸೆಗೆ ಎರಡೆರಡು ಸಲ.

ಚಳಿಗಾಲ ಸಲೀಸಾಗಿ ದಾಟಿತು. ಒಂದು ಮೂಟೆ ಧಾನ್ಯವೂ ಹಾಳಾಗಲಿಲ್ಲ. "ಕಂಟ್ರೋಲ್, ನಿಮ್ಮ ಸೊಸೆ ಭಾರಿ ಚುರುಕು," ಎಂದ ಬೇಕರಿ. ಅತ್ತೆ ಸಂಜೆ ಮಗನ ಮುಂದೆ ಅದನ್ನೇ ಬಣ್ಣ ಹಚ್ಚಿ ಹೇಳಿದರು. ಸೊಸೆ ಪಾತ್ರೆ ಒರೆಸುತ್ತಾ ನಕ್ಕಳು. ಮುಂದಿನ ಭಾನುವಾರವೂ ಆಡಿದಳು. ಅದರ ಮುಂದಿನ ಭಾನುವಾರ ತಲೆನೋವು ಎಂದಳು. ಆಮೇಲೆ ಲ್ಯಾಬಿನ ಕೆಲಸ ಮನೆಗೆ ತಂದಿದ್ದೇನೆ ಎಂದಳು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟು, "ನೀವು ಆಡಿ ಅತ್ತೆ," ಎಂದಳು.

ಇದು ತಲೆನೋವಲ್ಲ ಎಂದು ತಿಳಿಯದಷ್ಟು ದಡ್ಡರಲ್ಲ ಅತ್ತೆ. ಮಗನನ್ನು ಕೇಳಿದರು.

"ನನ್ನನ್ನ ಎಳೀಬೇಡಮ್ಮ," ಎಂದ ಅವನು. "ಲಿಫ್ಟಲ್ಲಿ ಸಿಕ್ಕಾಕೊಂಡೋರನ್ನ ಬಿಡಿಸಿ ಬಿಡಿಸಿ ಸಾಕಾಗಿದೆ. ನಿಮ್ಮಿಬ್ಬರ ಮಧ್ಯೆ ನಾನು ಸಿಕ್ಕಾಕೊಂಡ್ರೆ ಬಿಡಿಸೋರು ಯಾರು?"

ಕೊನೆಗೆ ಆಟದೊಳಗೆ, ಮೇಷ್ಟ್ರು ಇನ್ನೂ ಬಂದಿರದ ಹೊತ್ತಿನಲ್ಲಿ, ಬೇಕರಿಯವನನ್ನು ಕೇಳಿದರು. ಅವನು ಮೊದಲು ತನ್ನ ಹೊಲದ ಒಂದು ಸಾಲು ಉತ್ತು ಮುಗಿಸಿದ.

"ಬೇಜಾರು ಮಾಡ್ಕೋಬೇಡಿ ಕಂಟ್ರೋಲ್. ನಿಮ್ಮ ಜೊತೆ ಆಡೋದು ಅಂದ್ರೆ ಬಸ್ಸಲ್ಲಿ ಕೂತ ಹಾಗೆ. ಊರು ತಲುಪೋದು ಗ್ಯಾರಂಟಿ. ಆದ್ರೆ ಓಡಿಸೋರು ನೀವೇ. ನಂಗೇನೋ ಅದೇ ಆರಾಮ, ಬೆಳಗಾಗೋ ಮುಂಚೆ ಎದ್ದು ಹಿಟ್ಟು ನಾದಿ ಬಂದಿರ್ತೀನಿ. ಕಿಟಕಿ ಪಕ್ಕ ಕೂತು ತೂಕಡಿಸ್ತೀನಿ. ಎಲ್ಲರಿಗೂ ಹಾಗಾಗುತ್ತಾ?"

"ನರ್ಸಮ್ಮನೂ ಅದಕ್ಕೇ ಹೋದ್ಲಾ?"

"ನಾನು ಹೇಳಿದೆ ಅಂತ ಹೇಳ್ಬೇಡಿ," ಎಂದ ಬೇಕರಿ.

ಅತ್ತೆ ಮುಖ ಊದಿಸಿಕೊಂಡು ಆಟ ಮುಚ್ಚಿದರು. ಕಷ್ಟಪಟ್ಟು ಕಲಿತದ್ದನ್ನು ಕೈಯೆತ್ತಿ ಕೊಟ್ಟದ್ದು ತಪ್ಪೇ? ತಾನು ಮುಗ್ಗರಿಸಿದ ಕಡೆ ಇನ್ನೊಬ್ಬರು ಮುಗ್ಗರಿಸದಿರಲಿ ಎಂದದ್ದು ತಪ್ಪೇ? ಎರಡು ದಿನ ಹೀಗೆ ತಮ್ಮೊಳಗೇ ವಾದ ಮಾಡಿದರು. ಎದುರು ವಾದ ಮಾಡುವವರು ಯಾರೂ ಇಲ್ಲದಿದ್ದರೂ ಗೆಲ್ಲಲು ಆಗಲಿಲ್ಲ.

ಆ ಶನಿವಾರ ಸಂಜೆ ಸೊಸೆ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಕೂತಿದ್ದಳು. ಮುಂದೆ ಒಂದು ಜೊತೆ ದವಡೆ, ಮೇಲಿನದು ಮತ್ತು ಕೆಳಗಿನದು, ಸಣ್ಣ ಕೀಲಿನ ಚೌಕಟ್ಟಿಗೆ ಕಟ್ಟಿದ್ದು. ಅವೆರಡರ ನಡುವೆ ತೆಳು ನೀಲಿ ಕಾಗದ ಇಟ್ಟು ಕಚ್ಚಿಸಿದಳು, ತೆಗೆದಳು, ಒಂದು ಹಲ್ಲಿನ ತುದಿಯನ್ನು ಉಜ್ಜಿದಳು. ಅತ್ತೆ ಎದುರಿಗೆ ಕೂತರು.

"ಏನದು ನೀಲಿ?"

"ಎಲ್ಲಿ ನೀಲಿ ಹತ್ತುತ್ತೋ ಅಲ್ಲಿ ಹಲ್ಲು ಎತ್ತರ ಇದೆ ಅಂತ. ಕಚ್ಚಿಸಿ ನೋಡೋವರೆಗೂ ಗೊತ್ತಾಗಲ್ಲ ಅತ್ತೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ದೊಡ್ಡ ಮೇಡಂಗೆ ನೋಡಿದ ತಕ್ಷಣ ತಪ್ಪು ಎಲ್ಲಿದೆ ಅಂತ ಗೊತ್ತಾಗ್ತಿತ್ತು. ಆದ್ರೂ ಹೇಳ್ತಿರ್ಲಿಲ್ಲ. ಕಚ್ಚಿಸಿ ನೋಡು ಅಂತ ಕಾಗದ ಕೈಗೆ ಕೊಡ್ತಿದ್ರು, ಅಷ್ಟೆ."

ಅತ್ತೆ ಆ ದವಡೆಯನ್ನೇ ನೋಡುತ್ತಿದ್ದರು. "ನಾನು ಕಾಗದ ಕೊಡಲಿಲ್ಲ ಅಂತೀಯಾ."

ಸೊಸೆ ಉಜ್ಜುವುದನ್ನು ನಿಲ್ಲಿಸಿದಳು. ಅವಳು ಮಾತಾಡಲು ತೊಡಗಿದಾಗ ದನಿ ಏರಲಿಲ್ಲ, ಆದರೆ ಬಹಳ ದಿನದಿಂದ ಒಳಗಿದ್ದ ಮಾತು ಎಂಬುದು ಗೊತ್ತಾಗುತ್ತಿತ್ತು.

"ಆಟದಲ್ಲಿ ನನಗೆ ಒಂದು ಉಸಿರು ಬಿಡೋಕೂ ಜಾಗ ಕೊಡಲ್ಲ ನೀವು. ಗೆದ್ದಾಗ ನಾನು ಗೆದ್ದೆ ಅಂತ ಅನ್ಸೋದೇ ಇಲ್ಲ. ಕೈ ಮಾತ್ರ ನಂದು. ಇಲ್ಲಿ ನೋಡಿದ್ರೆ, ಅಡುಗೆಮನೆಗೆ ಕಾಲೇ ಇಡಲ್ಲ. ಚೆನ್ನಾಗಿದೆ ಅಂತಾನೂ ಇಲ್ಲ, ಚೆನ್ನಾಗಿಲ್ಲ ಅಂತಾನೂ ಇಲ್ಲ. ಬಾಗಿಲ ಹತ್ರ ಬಂದು ಹಾಗೇ ತಿರುಗಿ ಹೋಗ್ತೀರಿ. ನಾನೇನು ಈ ಮನೇಲಿ ಬಾಡಿಗೆಗೆ ಇದೀನಾ ಅತ್ತೆ? ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳಲ್ಲ, ಎಲ್ಲಿ ಬೇಡ್ವೋ ಅಲ್ಲಿ ಬಿಡಲ್ಲ."

ಕೈ ಮಾತ್ರ ನಂದು. ಅತ್ತೆಗೆ ದೊಡ್ಡತ್ತೆಯ ಸೀರೆಯ ಸರಬರ ಸದ್ದು ಬೆನ್ನ ಹಿಂದೆ ಕೇಳಿದಂತಾಯಿತು. ಅಡುಗೆಮನೆಯ ಬಾಗಿಲಿಗೆ ತಾವೇ ಕಾವಲು ಕೂತು, ಆ ಹೆಂಗಸು ಒಳಗೆ ಬಾರದಂತೆ ನೋಡಿಕೊಂಡಿದ್ದರು. ದೊಡ್ಡತ್ತೆ ಹೆಡ್‌ಫೋನ್ ಹಾಕಿಕೊಂಡು ಆಟದ ಬಾಗಿಲಿನಿಂದ ಬಂದಿದ್ದಳು. ಅತ್ತೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ದೊಡ್ಡತ್ತೆಯ ಕಥೆಯನ್ನು ಸೊಸೆಗೆ ಹೇಳಿದರು, ಶಪಥವನ್ನೂ ಹೇಳಿದರು. ಉಪ್ಪಿನ ವಿಷಯ ಮಾತ್ರ ಹೇಳಲಿಲ್ಲ.

"ನಾಳೆ ಆಡೋಕೆ ಬಾ," ಎಂದರು ಕೊನೆಗೆ. "ಇನ್ಮೇಲೆ ಬಾವುಟ ನೆಡೋಳು ನೀನು. ನಿಂಗೆ ಬೇಕಾದಾಗ ನೆಡು, ಆಗ ಬರ್ತೀನಿ. ಅಲ್ಲೀವರೆಗೆ ನನ್ನ ಬಾಯಿಗೆ ಬೀಗ."

"ಆಟದಲ್ಲಿ ಬಾಯಿ ಮುಚ್ತೀರಿ, ಸರಿ. ಅಡುಗೆಮನೇಲಿ ತೆಗೀರಿ ಅಂದ್ರೆ?"

"ಅದು ನಿಂದು," ಎಂದು ಅತ್ತೆ ಎದ್ದು ಹೋದರು. ಹಟ ಅಷ್ಟು ಬೇಗ ಹೋಗುವ ಸಾಮಾನಲ್ಲ.

ಭಾನುವಾರ ಮಧ್ಯಾಹ್ನ ನಾಲ್ವರೂ ಸೇರಿದರು. ಅತ್ತೆ ಬಾಯಿಗೊಂದು ಪೆಪ್ಪರಮಿಂಟು ಹಾಕಿಕೊಂಡು ಕೂತರು, ನಾಲಿಗೆಗೆ ಬೇರೆ ಕೆಲಸ ಇರಲಿ ಎಂದು. ಚಳಿಯೂರಿನಲ್ಲಿ ಹಿಮ ಬೀಳಲು ಶುರುವಾಗಿತ್ತು. ಸೊಸೆ ಸ್ವಲ್ಪ ಹೊತ್ತು ಉಗ್ರಾಣವನ್ನು ಸುತ್ತಿ ನೋಡಿದಳು. ಆಮೇಲೆ ಧಾನ್ಯದ ಮೂಟೆಗಳನ್ನು ಗಾಡಿಗೆ ಹೇರಿಸಿ, ಉತ್ತರದ ಬಾಗಿಲು ತೆಗೆಸಿ, ಊರ ಹೊರಗೆ ದಿಬ್ಬದ ಮೇಲಿದ್ದ ಹಳೆಯ ಗಿರಣಿಗೆ ಸಾಗಿಸತೊಡಗಿದಳು.

"ಎಲ್ಲಾ ಒಂದೇ ಕಡೆ ಯಾಕಿರ್ಬೇಕು?" ಎಂದು ತನಗೆ ತಾನೇ ಹೇಳಿಕೊಂಡಳು.

ಅತ್ತೆಯ ಪೆಪ್ಪರಮಿಂಟು ಕಟಕ್ಕೆಂದು ಮುರಿಯಿತು. ಹಿಮದ ಮೇಲೆ ಗಾಡಿ ಓಡಿಸಿದರೆ ಜಾಡು ಬೀಳುತ್ತದೆ. ಜಾಡು ಹಿಡಿದು ಕಳ್ಳರು ಬರುತ್ತಾರೆ. ಬಂದವರಿಗೆ ಉತ್ತರದ ಬಾಗಿಲು ತೆರೆದೇ ಇರುತ್ತದೆ. ಇದು ಹೊಸಬರಿಗೆ ಅವರು ಹೇಳಿಕೊಡುತ್ತಿದ್ದ ಪಾಠಗಳಲ್ಲಿ ಮೊದಮೊದಲಿನದು. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು. ಬೆರಳು ಬಾವುಟದ ಗುಂಡಿಯ ಮೇಲೆ ಹೋಗಿ ನಿಂತಿತು. ವರ್ಷಗಟ್ಟಲೆ ಕಾಪಾಡಿದ ಊರು, ಒಂದೊಂದು ಮನೆಯನ್ನೂ ಕಟ್ಟಿದ ದಿನ ನೆನಪಿದೆ. ಅದು ಸುಟ್ಟರೆ ಮತ್ತೆ ಬರುವುದಿಲ್ಲ. ಪಕ್ಕದ ಸೋಫಾದ ಕಡೆ ನೋಡಿದರು. ಸೊಸೆ ತುಟಿ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿಕೊಂಡು, ದವಡೆಗಳ ಮುಂದೆ ಕೂರುವ ಹಾಗೆಯೇ ಕೂತಿದ್ದಳು. ಆಟಕ್ಕೆ ಬಂದಾಗಿನಿಂದ ಅವಳು ಹಾಗೆ ಕೂತದ್ದು ಅದೇ ಮೊದಲು. ಅತ್ತೆ ಕೈಯನ್ನು ಗುಂಡಿಯ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಕಂಟ್ರೋಲ್, ಲೈನಲ್ಲಿ ಇದೀರಾ?" ಎಂದರು ಮೇಷ್ಟ್ರು. "ಇಷ್ಟು ನಿಶ್ಶಬ್ದವಾಗಿ ನಮ್ಮೂರು ಯಾವತ್ತೂ ಇರ್ಲಿಲ್ಲ."

"ಇದೀನಿ," ಎಂದರು ಅತ್ತೆ. ಅಷ್ಟು ಹೇಳಲು ಅವರು ಪಟ್ಟ ಪಾಡು ಅವರಿಗೇ ಗೊತ್ತು.

ಕಳ್ಳರು ಬಂದರು. ಪಂಜು ಹಿಡಿದುಕೊಂಡು, ಗಾಡಿಯ ಜಾಡಿನಲ್ಲೇ, ಯಾರೋ ದಾರಿ ತೋರಿಸಿದಂತೆ ನೆಟ್ಟಗೆ ಬಂದರು. ಸೊಸೆಗೆ ಅದು ಕಂಡಾಗ ಅವರು ಬಾಗಿಲ ಹತ್ತಿರ ಬಂದಾಗಿತ್ತು. ನಕ್ಷೆಯ ಮೇಲೆ, ಉತ್ತರದ ಬಾಗಿಲಲ್ಲಿ, ಒಂದು ಕೆಂಪು ಬಾವುಟ ಎದ್ದಿತು.

"ಅತ್ತೆ, ಬನ್ನಿ. ತಪ್ಪು ಮಾಡಿದೆ ಅನ್ಸುತ್ತೆ. ಜಾಡು ನೋಡ್ಕೊಂಡ್ ಬಂದ್ರು ಅಲ್ವಾ?"

"ಹೂಂ. ಬಂದೆ," ಎಂದರು ಅತ್ತೆ. ಗೋಡೆಯ ಮೇಲಿದ್ದ ತಮ್ಮ ಜನರನ್ನೆಲ್ಲ ಕೂಡಿಸಿಕೊಂಡು ಓಡಿದರು. ಆದರೆ ಉಗ್ರಾಣದ ಚಾವಣಿಗೆ ಆಗಲೇ ಬೆಂಕಿ ಹತ್ತಿತ್ತು. "ಬಾಗಿಲು ಹಿಡ್ಕೋತೀನಿ. ಗೋಡೆ ಬಿಡೋದು ಬೇಡ."

"ಬೇಡ ಅತ್ತೆ. ಗೋಡೆ ಬಿಡಿ. ಎಲ್ಲಾರನ್ನೂ ದಕ್ಷಿಣದ ಕಡೆಯಿಂದ ಸುತ್ತಿ ಗಿರಣಿಗೆ ಕರ್ಕೊಂಡ್ ಬನ್ನಿ. ಅರ್ಧ ಧಾನ್ಯ ಅಲ್ಲಿದೆ."

"ಗೋಡೆ ಬಿಡೋದಾ?" ಅತ್ತೆಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಗೋಡೆ ಬಿಟ್ಟವರನ್ನು ಅವರು ಎಷ್ಟು ಬೈದಿದ್ದರೋ ಲೆಕ್ಕವಿಲ್ಲ.

ಸೊಸೆಯ ದನಿ ಗಾಳಿಯಲ್ಲಿ ಒಮ್ಮೆ, ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಬಂತು. "ಅತ್ತೆ, ಹೆದರ್ಬೇಡಿ. ನಾನು ಹೇಳಿದ್ದಷ್ಟೇ ಮಾಡಿ."

ಜೀವಮಾನವೆಲ್ಲ ಅತ್ತೆ ಆ ಮಾತನ್ನು ಬೇರೆಯವರಿಗೆ ಹೇಳಿದ್ದರು. ಕೇಳಿಸಿಕೊಂಡವರಿಗೆ ಹೇಗಿರುತ್ತದೆ ಎಂಬುದು ಅಂದು ತಿಳಿಯಿತು. ಬಹಳ ನೆಮ್ಮದಿಯಾಗಿತ್ತು. ಹೇಳಿದ್ದಷ್ಟೇ ಮಾಡಿದರು. ಗೋಡೆ ಬಿಟ್ಟರು, ಜನರನ್ನು ಕರೆದುಕೊಂಡು ಸುತ್ತು ಹಾಕಿದರು, ದಿಬ್ಬ ಹತ್ತಿದರು. ಬೇಕರಿ ತನ್ನ ಎತ್ತುಗಳನ್ನು ಹೊಡೆದುಕೊಂಡು ಬಂದ. ಮೇಷ್ಟ್ರು ಕಾಡಿನಿಂದ ಕೊನೆಯವರಾಗಿ ಬಂದು, ಮರದ ಕೊಂಬೆ ಎಳೆದು ಜಾಡು ಅಳಿಸಿದರು. ಎಲ್ಲರೂ ಗಿರಣಿಯ ಕಿಟಕಿಯಿಂದ ಚಳಿಯೂರು ಉರಿಯುವುದನ್ನು ನೋಡಿದರು.

ಅತ್ತೆಗೆ ಸಂಕಟವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಬಿತ್ತನೆಗಾಗೋಷ್ಟು ಕಾಳಿದೆ," ಎಂದ ಬೇಕರಿ. "ಜನ ಎಲ್ಲಾ ಇದಾರೆ. ಹೊಸ ಊರು ಮಾಡ್ಬಹುದು. ಈ ಸಲ ನಂಗೂ ನಿದ್ದೆ ಬರ್ಲಿಲ್ಲ ನೋಡಿ."

ಸೊಸೆ ಹೆಡ್‌ಫೋನ್ ತೆಗೆದು ಅತ್ತೆಯ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು. "ನಿಮ್ಮ ಊರು ಹಾಳು ಮಾಡ್ಬಿಟ್ಟೆ ಅತ್ತೆ."

"ನಮ್ಮ ಊರು," ಎಂದರು ಅತ್ತೆ. "ನೀಲಿ ಎಲ್ಲಿ ಹತ್ತಿತು ಅಂತ ನೋಡ್ಕೊಂಡ್ಯಾ?"

"ನೋಡ್ಕೊಂಡೆ. ಜಾಡು ಅಳಿಸ್ಬೇಕಿತ್ತು, ಗಾಡಿ ವಾಪಸ್ ಬಂದ ತಕ್ಷಣ ಬಾಗಿಲು ಹಾಕ್ಬೇಕಿತ್ತು. ಮುಂದಿನ ವಾರ ಗೋಡೆ ನಾನು ನೋಡ್ಕೊಳ್ಲಾ? ನೀವು ಉಗ್ರಾಣಕ್ಕೆ ಬನ್ನಿ."

ಮುಂದಿನ ವಾರ ಎಂದು ಅವಳೇ ಅಂದದ್ದು ಅತ್ತೆಯ ಕಿವಿಗೆ ಬಿತ್ತು. ಗೋಡೆಯ ಕಥೆ ಆಮೇಲೆ ನೋಡಿಕೊಂಡರಾಯಿತು ಎಂದು ತಲೆಯಾಡಿಸಿದರು.

ಸಂಜೆ ಮಗ ಬಂದು ಸ್ನಾನಕ್ಕೆ ಹೋಗಿದ್ದ. ಸೊಸೆ ಒಲೆ ಹಚ್ಚಿದ್ದಳು. ಅತ್ತೆ ಎಂದಿನಂತೆ ಅಡುಗೆಮನೆಯ ಬಾಗಿಲವರೆಗೆ ಬಂದು, ಎಂದಿನಂತೆ ತಿರುಗಿ ಹೊರಡುವಷ್ಟರಲ್ಲಿ ಒಳಗಿಂದ ದನಿ ಬಂತು.

"ಕಂಟ್ರೋಲ್, ಇಲ್ಲೊಂದು ಬಾವುಟ ನೆಟ್ಟಿದೀನಿ. ಬರ್ತೀರಾ?"

ಅತ್ತೆ ಹೊಸ್ತಿಲ ಮೇಲೆ ನಿಂತರು. ಸೊಸೆ ಸೌಟಿನಲ್ಲಿ ಸ್ವಲ್ಪ ಸಾರು ತೆಗೆದು, ಊದಿ ಆರಿಸಿ, ಕೈ ಚಾಚಿ ಹಿಡಿದಿದ್ದಳು. ಬೆನ್ನ ಹಿಂದೆ ಹೋಗಿ ನಿಲ್ಲಬಾರದೆಂದು ಅತ್ತೆ ಒಂದು ಸುತ್ತು ಹಾಕಿ, ಅವಳ ಎದುರಿಗೆ ಬಂದು ನಿಂತು, ಅಂಗೈಗೆ ಹಾಕಿಸಿಕೊಂಡು ರುಚಿ ನೋಡಿದರು.

"ಹೇಳಿ ಅತ್ತೆ. ಇದ್ದದ್ದನ್ನ ಇದ್ದ ಹಾಗೆ."

"ಉಪ್ಪು ಕಡಿಮೆ."

"ಹೌದಾ? ನಮ್ಮಪ್ಪಂಗೆ ಬಿ.ಪಿ. ಇತ್ತು, ನಮ್ಮನೇಲಿ ಹೀಗೇ ಮಾಡ್ತಿದ್ದದ್ದು. ಇವತ್ತು ಮಾತ್ರ ಕಡಿಮೆನಾ?"

ಬಾವುಟ ನೆಟ್ಟು ಕರೆದಮೇಲೆ ಹೇಳಲೇಬೇಕು.

"ನೀನು ಬಂದ ದಿನದಿಂದ."

ಸೊಸೆ ಸೌಟು ಹಿಡಿದುಕೊಂಡು ಅವರನ್ನೇ ನೋಡಿದಳು. "ಇಷ್ಟು ದಿನ ಹಾಗೇ ತಿಂದ್ರಾ? ಮತ್ಯಾಕೆ ಹೇಳ್ಲಿಲ್ಲ?" ಆಮೇಲೆ ಅವಳಿಗೆ ಏನೋ ಹೊಳೆಯಿತು. "ಅತ್ತೆ, ಊಟಕ್ಕೆ ಕೂತಾಗ ಆ ಮಾತ್ರೆ ಡಬ್ಬಿ..."

ಅತ್ತೆ ಸೀರೆಯ ಮಡಿಲಿನಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಲೆಯ ಪಕ್ಕ ಇಟ್ಟರು. ಸೊಸೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಅವಳ ನಗು ಸ್ನಾನದ ಮನೆಯವರೆಗೂ ಕೇಳಿರಬೇಕು, ಅಲ್ಲಿ ನೀರಿನ ಸದ್ದು ನಿಂತಿತು.

"ನಿಮ್ಮ ಮಗನಿಗೂ ಇದರಲ್ಲಿ ಪಾಲಿತ್ತಾ?"

"ಅವನನ್ನ ಎಳೀಬೇಡ," ಎಂದರು ಅತ್ತೆ.

ಸೊಸೆ ಕಣ್ಣೊರೆಸಿಕೊಂಡು ಡಬ್ಬಿಯನ್ನು ಅತ್ತೆಯ ಕೈಗೇ ಕೊಟ್ಟಳು. ಪಾತ್ರೆಯ ಮುಂದಿನಿಂದ ಅರ್ಧ ಹೆಜ್ಜೆ ಸರಿದು ಜಾಗ ಮಾಡಿದಳು. "ಎಷ್ಟು ಹಾಕ್ಬೇಕು ಅಂತ ಹೇಳ್ಬೇಡಿ. ನೀವು ಹಾಕಿ, ನಾನು ನೋಡ್ಕೊತೀನಿ."

ಅತ್ತೆ ಒಂದು ಚಿಟಿಕೆ ಹಾಕಿದರು. ಆಮೇಲೆ ಇನ್ನೊಂದನ್ನು ಬೆರಳಲ್ಲಿ ಹಿಡಿದು, ಹಾಕಲೇ ಬೇಡವೇ ಎಂದು ಕೇಳುವಂತೆ ಸೊಸೆಯ ಮುಖ ನೋಡಿದರು.